ಫುಟ್‌ಬಾಲ್ ಆಟದಲ್ಲಿ ಚಲನೆಯ ನಿಯಮಗಳು

ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟಿಸಿದ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ನಿರೂಪಿಸಿದ ಚಲನೆಯ ಮೂರು ನಿಯಮಗಳು ಫುಟ್‌ಬಾಲ್ ಮೈದಾನದ ಒದೆತ, ಓಟ, ತಿರುವು, ಜಿಗಿತ, ಡಿಕ್ಕಿಗಳೆಲ್ಲಕ್ಕೂ ಅನ್ವಯಿಸುತ್ತವೆ. ಚೆಂಡು, ಆಟಗಾರನ ದೇಹ, ನೆಲ, ಗಾಳಿ ಈ ನಾಲ್ಕೂ ಒಂದರ ಮೇಲೊಂದು ಹೇರುವ ಬಲಗಳನ್ನು ಲೆಕ್ಕಹಾಕಿದರೆ ಆಟದ ಬಹುಪಾಲು ಚಲನೆಗಳಿಗೆ ವಿವರಣೆ ದೊರೆಯುತ್ತದೆ. ನಿಂತ ಚೆಂಡನ್ನು ಮೊದಲನೆಯ ನಿಯಮಕ್ಕೂ ಒದೆತವನ್ನು ಎರಡನೆಯದಕ್ಕೂ ಒದ್ದವನ ಕಾಲುನೋವನ್ನು ಮೂರನೆಯದಕ್ಕೂ ಉದಾಹರಣೆಯಾಗಿ ಹಂಚಿಕೊಡುವ ರೂಢಿ ಶಾಲಾ ಪಾಠಗಳಲ್ಲಿದೆ. ಬೋಧನೆಗೆ ಇದು ಅನುಕೂಲವಾದರೂ ವಸ್ತುಸ್ಥಿತಿ ಹಾಗಿಲ್ಲ, ಏಕೆಂದರೆ ಆಟದ ಪ್ರತಿಯೊಂದು ಕ್ಷಣದಲ್ಲೂ ಮೂರು ನಿಯಮಗಳೂ ಒಟ್ಟಿಗೇ ಜಾರಿಯಲ್ಲಿರುತ್ತವೆ. ಇನ್ನೊಂದು ಸಂಗತಿಯೂ ಗಮನಾರ್ಹ. ಒದೆಯುವ ಆಟಗಾರನಿಗೆ ಚೆಂಡಿನ ಮೇಲೆ ನೇರ ಹತೋಟಿ ಇರುವುದು ಅವನ ಪಾದ ಚೆಂಡಿಗೆ ತಾಗಿಕೊಂಡಿರುವ ಸೆಕೆಂಡಿನ ಸುಮಾರು ನೂರನೇ ಒಂದು ಭಾಗದಷ್ಟು ಹೊತ್ತು ಮಾತ್ರ. ಆಮೇಲಿನದೆಲ್ಲ ಗುರುತ್ವ, ಗಾಳಿ ಮತ್ತು ನೆಲದ ಪಾಲಿಗೆ ಸೇರಿದ್ದು. ಆಟಗಾರನ ಪರಿಣತಿಯೆಂದರೆ, ಮುಂದೆ ಈ ಮೂರು ಬಲಗಳು ಏನು ಮಾಡಲಿವೆ ಎಂಬುದನ್ನು ಆ ಅಲ್ಪಾವಧಿಯಲ್ಲೇ ಲೆಕ್ಕಕ್ಕೆ ತೆಗೆದುಕೊಳ್ಳುವ ಸಾಮರ್ಥ್ಯ.

ಚೆಂಡು ಮತ್ತು ಜಡತ್ವ

ಅಂತರರಾಷ್ಟ್ರೀಯ ನಿಯಮಾವಳಿಯ ಪ್ರಕಾರ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ಪಂದ್ಯಾರಂಭದಲ್ಲಿ ಅದರ ದ್ರವ್ಯರಾಶಿ 410ರಿಂದ 450 ಗ್ರಾಂ, ಒಳಗಿನ ಗಾಳಿಯ ಒತ್ತಡ 0.6ರಿಂದ 1.1 ವಾಯುಮಂಡಲದಷ್ಟು ಇರಬೇಕು. ಗಾತ್ರಕ್ಕೆ ಹೋಲಿಸಿದರೆ ಇದು ಬಹಳ ಹಗುರವಾದ ವಸ್ತು. ಗಾಳಿಯ ಪ್ರಭಾವಕ್ಕೆ ಚೆಂಡು ಸುಲಭವಾಗಿ ಒಳಗಾಗುವುದಕ್ಕೆ ಈ ಹಗುರತನವೇ ಕಾರಣ. ಹೊರಗಿನಿಂದ ಬಲ ಪ್ರಯೋಗವಾಗದ ಹೊರತು ನಿಂತ ವಸ್ತು ನಿಂತೇ ಇರುತ್ತದೆ, ಚಲಿಸುವ ವಸ್ತು ಅದೇ ವೇಗದಲ್ಲಿ ನೇರ ರೇಖೆಯಲ್ಲಿ ಸಾಗುತ್ತಲೇ ಇರುತ್ತದೆ ಎಂಬುದು ಮೊದಲನೆಯ ನಿಯಮ. ವಸ್ತು ತನ್ನ ಸ್ಥಿತಿಯನ್ನು ತಾನಾಗಿ ಬದಲಿಸಿಕೊಳ್ಳಲಾರದ ಈ ಗುಣಕ್ಕೆ ಜಡತ್ವವೆಂದು ಹೆಸರು. ಕಿಕ್‌ಆಫ್‌ಗೆ ಮುನ್ನ ಮೈದಾನದ ನಡುವೆ ನಿಂತ ಚೆಂಡಿನ ಮೇಲೂ ಬಲಗಳು ಇಲ್ಲದಿಲ್ಲ. ಭೂಮಿ ಅದನ್ನು ಕೆಳಗೆ ಸೆಳೆಯುತ್ತಿರುತ್ತದೆ, ನೆಲ ಅಷ್ಟೇ ಬಲದಿಂದ ಮೇಲಕ್ಕೆ ಒತ್ತುತ್ತಿರುತ್ತದೆ, ಎರಡೂ ಸರಿದೂಗಿ ನಿವ್ವಳ ಬಲ ಸೊನ್ನೆಯಾಗುತ್ತದೆ.

ನಿಯಮದ ಎರಡನೆಯ ಅರ್ಧ ಅಷ್ಟು ಸುಲಭವಾಗಿ ಮನಸ್ಸಿಗೆ ಇಳಿಯುವಂಥದಲ್ಲ. ಹುಲ್ಲಿನ ಮೇಲೆ ಉರುಳಿದ ಚೆಂಡು ಕೊನೆಗೆ ನಿಲ್ಲುವುದನ್ನು ಕಂಡವರಿಗೆ, ಒದೆತದ ಬಲ ಚೆಂಡಿನೊಳಗೆ ಉಳಿದಿದ್ದು ಮೆಲ್ಲಗೆ ಖರ್ಚಾಗುತ್ತ ಬಂತು ಎನಿಸುವುದು ಸಹಜ. ಎಸೆದ ವಸ್ತುವನ್ನು ಸುತ್ತಲಿನ ಮಾಧ್ಯಮವೇ ಮುಂದೆ ನೂಕುತ್ತದೆಂದು ಅರಿಸ್ಟಾಟಲ್ ಭಾವಿಸಿದ್ದ. ಎಸೆದವನು ವಸ್ತುವಿನೊಳಗೆ ಒಂದು ಬಗೆಯ ನೂಕುಶಕ್ತಿಯನ್ನು ತುಂಬುತ್ತಾನೆಂಬ ವಾದ ಮಧ್ಯಯುಗದಲ್ಲಿ ಪ್ರಚಲಿತವಾಗಿತ್ತು. ಗೆಲಿಲಿಯೋ ಮತ್ತು ನ್ಯೂಟನ್ ಇವೆರಡನ್ನೂ ತಳ್ಳಿಹಾಕಿದರು. ಪಾದದಿಂದ ಬೇರೆಯಾದ ಮರುಕ್ಷಣದಿಂದ ಒದೆತದ ಬಲ ಎಂಬುದು ಇರುವುದೇ ಇಲ್ಲ. ಆಗ ಚೆಂಡಿಗಿರುವುದು ವೇಗ ಮಾತ್ರ. ಅದನ್ನು ತಗ್ಗಿಸುವುದಕ್ಕೂ ಬಾಗಿಸುವುದಕ್ಕೂ ಬೇರೆ ಬಲಗಳೇ ಬೇಕು. ಹೊಡೆತದಲ್ಲಿ ಇನ್ನೂ ಬಲ ಉಳಿದಿದೆ ಎಂಬ ವೀಕ್ಷಕ ವಿವರಣೆಯ ಮಾತು ಬಳಕೆಯಲ್ಲಿ ಸಲ್ಲುತ್ತದೆಯಾದರೂ ಭೌತವಿಜ್ಞಾನದಲ್ಲಿ ಸಲ್ಲದು.

ಒದೆತ

ವಸ್ತುವಿನ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧಕ್ಕೆ ಸಂವೇಗವೆಂದು ಹೆಸರು. ಸಂವೇಗ ಬದಲಾಗುವ ದರ ಪ್ರಯೋಗವಾದ ಬಲಕ್ಕೆ ಸಮಾನವಾಗಿರುತ್ತದೆ ಎಂಬುದೇ ಎರಡನೆಯ ನಿಯಮದ ಸಾರ. ಬಲ ಹಾಗೂ ಅದು ಪ್ರಯೋಗವಾದ ಕಾಲಾವಧಿಗಳ ಗುಣಲಬ್ಧವನ್ನು ಆವೇಗವೆನ್ನುತ್ತಾರೆ. ಒಂದು ವಸ್ತುವಿನ ಸಂವೇಗದಲ್ಲಾದ ಬದಲಾವಣೆ ಅದು ಪಡೆದ ಆವೇಗದಷ್ಟೇ ಇರುತ್ತದೆ. 430 ಗ್ರಾಂ ತೂಗುವ ನಿಂತ ಚೆಂಡು ಬಿರುಸಾದ ಒದೆತಕ್ಕೆ ಸಿಕ್ಕಿ ಸೆಕೆಂಡಿಗೆ 28 ಮೀಟರ್, ಅಂದರೆ ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗ ಪಡೆದರೆ ಅದರ ಸಂವೇಗ ಸುಮಾರು 12 ಕಿಲೋಗ್ರಾಂ-ಮೀಟರ್ ಪ್ರತಿ ಸೆಕೆಂಡ್ ಆಗುತ್ತದೆ. ಪಾದ ಮತ್ತು ಚೆಂಡು ತಾಗಿಕೊಂಡಿರುವ ಅವಧಿ ಸುಮಾರು 10 ಮಿಲಿಸೆಕೆಂಡ್ ಆದ್ದರಿಂದ ಸರಾಸರಿ ಬಲ 1,200 ನ್ಯೂಟನ್‌ಗಳಷ್ಟಾಯಿತು. ಇದು 120 ಕಿಲೋಗ್ರಾಂ ದ್ರವ್ಯರಾಶಿಯ ತೂಕಕ್ಕೆ ಸಮ. ಇದು ಸರಾಸರಿ ಮಾತ್ರ. ಬಲ ಸೊನ್ನೆಯಿಂದ ಏರಿ ಮತ್ತೆ ಸೊನ್ನೆಗಿಳಿಯುವುದರಿಂದ ಅದರ ಗರಿಷ್ಠ ಮೌಲ್ಯ ಸರಾಸರಿಯ ಇಮ್ಮಡಿಯ ಸಮೀಪಕ್ಕೆ ಹೋಗುತ್ತದೆ. ಈ ಅಲ್ಪಾವಧಿಯಲ್ಲಿ ಚೆಂಡಿನ ವೇಗೋತ್ಕರ್ಷ, ಅಂದರೆ ವೇಗ ಏರುವ ದರ, ಗುರುತ್ವ ವೇಗೋತ್ಕರ್ಷದ 280 ಪಟ್ಟನ್ನು ಮೀರುತ್ತದೆ. ಚೆಂಡು ಚಪ್ಪಟೆಯಾಗಿ ಪಾದಕ್ಕೆ ಅಂಟಿದಂತೆ ಹದಿನೈದು ಸೆಂಟಿಮೀಟರ್‌ಗಳಷ್ಟು ದೂರ ಜೊತೆಯಲ್ಲೇ ಸಾಗಿ, ಬಳಿಕ ತನ್ನ ಸ್ಥಿತಿಸ್ಥಾಪಕತೆಯಿಂದ ಹಿಗ್ಗಿ ಬೇರೆಯಾಗುತ್ತದೆ.

ಪಾದಕ್ಕಿಂತ ಚೆಂಡು ಹೆಚ್ಚು ವೇಗವಾಗಿ ಹೊರಡುವುದು ಮೊದಲ ನೋಟಕ್ಕೆ ವಿಚಿತ್ರವಾಗಿ ತೋರಬಹುದು. ಪರಿಣತ ಆಟಗಾರರ ಒದೆತಗಳಲ್ಲಿ ಚೆಂಡಿನ ವೇಗ ಪಾದದ ವೇಗದ ಸುಮಾರು 1.2 ಪಟ್ಟಿಗಿಂತ ಹೆಚ್ಚಿರುವುದು ಅಳತೆಗಳಿಂದ ಗೊತ್ತಾಗಿದೆ. ಭಾರವಾದ ವಸ್ತು ಹಗುರವಾದ ವಸ್ತುವಿಗೆ ಬಡಿದಾಗ, ಡಿಕ್ಕಿ ತಕ್ಕಮಟ್ಟಿಗೆ ಸ್ಥಿತಿಸ್ಥಾಪಕವಾಗಿದ್ದರೆ ಹಗುರವಾದುದು ಮುಂದೆ ಚಿಮ್ಮಬೇಕಾದದ್ದೇ. ಸಂವೇಗ ಸಂರಕ್ಷಣೆಯ ತತ್ವದಿಂದ ಇದು ತಾನಾಗಿ ಹೊಮ್ಮುತ್ತದೆ. ಆದರೆ ಇಲ್ಲಿ ಭಾರವಾದ ವಸ್ತು ಎಂದರೆ ಇಡೀ ದೇಹವಲ್ಲ. ಡಿಕ್ಕಿ ಬಲು ಬೇಗ ಮುಗಿದುಹೋಗುವುದರಿಂದ ಪಾದ ಮತ್ತು ಕಾಲಿನ ಕೆಳಭಾಗ ಮಾತ್ರ ಅದರಲ್ಲಿ ಪಾಲುಗೊಳ್ಳುತ್ತವೆ. ಹಿಮ್ಮಡಿಯ ಗಂಟು ಸಡಿಲವಾಗಿದ್ದರೆ ಪಾದವೊಂದೇ ಚೆಂಡಿಗೆ ಎದುರಾಗಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಗಂಟನ್ನು ಬಿಗಿದು ಪಾದವನ್ನು ಕೆಳಮುಖವಾಗಿ ಚಾಚಿ ಹಿಡಿದರೆ ಮೊಣಕಾಲಿನ ಕೆಳಗಿನ ಭಾಗವೂ ಪಾದದೊಡನೆ ಒಂದಾಗಿ ಡಿಕ್ಕಿಯ ಪರಿಣಾಮಕಾರಿ ದ್ರವ್ಯರಾಶಿ ಹೆಚ್ಚುತ್ತದೆ. ಹಿಮ್ಮಡಿಯ ಗಂಟು ಬಿಗಿಯಾಗಿರಲಿ ಎಂದು ತರಬೇತುದಾರರು ಎಳೆಯರಿಗೆ ಮತ್ತೆ ಮತ್ತೆ ಹೇಳುವುದರ ಹಿಂದಿರುವ ತತ್ವ ಇದೇ.

ಪಾದಕ್ಕೆ ಆ ವೇಗ ಬರುವುದು ಹಂತಹಂತವಾಗಿ. ಓಡಿ ಬಂದ ಆಟಗಾರ ಆಧಾರದ ಕಾಲನ್ನು ಚೆಂಡಿನ ಪಕ್ಕದಲ್ಲಿ ಊರುತ್ತಾನೆ, ಸೊಂಟ ತಿರುಗುತ್ತದೆ, ತೊಡೆ ಮುಂದೆ ಬೀಸುತ್ತದೆ, ತೊಡೆಯ ಬೀಸು ತಗ್ಗುತ್ತಿದ್ದಂತೆ ಮೊಣಕಾಲು ಬಿಚ್ಚಿಕೊಂಡು ಕೆಳಗಾಲು ಚಾಟಿಯ ತುದಿಯಂತೆ ಮುನ್ನುಗ್ಗುತ್ತದೆ. ಭಾರವಾದ ಭಾಗಗಳಲ್ಲಿ ಹುಟ್ಟಿದ ಚಲನೆ ಹಗುರವಾದ ಭಾಗಗಳಿಗೆ ದಾಟುತ್ತ ಹೋದಂತೆ ವೇಗ ಏರುತ್ತ ಹೋಗುತ್ತದೆ. ಎದುರು ಪಕ್ಕದ ತೋಳು ಅದೇ ಹೊತ್ತಿಗೆ ವಿರುದ್ಧ ದಿಕ್ಕಿಗೆ ಬೀಸಿ, ಮುಂಡ ಅತಿಯಾಗಿ ತಿರುಗಿಬಿಡದಂತೆ ಸಮತೋಲ ಕಾಯುತ್ತದೆ.

ಚೆಂಡನ್ನು ತಡೆಯುವುದು ಇದೇ ಲೆಕ್ಕದ ಇನ್ನೊಂದು ಮುಖ. ಮೇಲೆ ಹೇಳಿದ 12 ಏಕಮಾನಗಳ ಸಂವೇಗವನ್ನು ಗೋಲ್‌ಕೀಪರ್ ಸೊನ್ನೆಗೆ ತರಲೇಬೇಕು. ಆವೇಗದ ಮೊತ್ತದಲ್ಲಿ ಅವನಿಗೆ ಆಯ್ಕೆಯಿಲ್ಲ, ಕಾಲಾವಧಿಯಲ್ಲಿ ಮಾತ್ರ ಇದೆ. ಗಟ್ಟಿಯಾಗಿ ಚಾಚಿದ ಕೈಗೆ ಚೆಂಡು ಬಡಿದು 10 ಮಿಲಿಸೆಕೆಂಡ್‌ನಲ್ಲಿ ನಿಂತರೆ ಬಲ 1,200 ನ್ಯೂಟನ್. ಕೈಗಳನ್ನು ಎದೆಯತ್ತ ಸೆಳೆದುಕೊಳ್ಳುತ್ತ 50 ಮಿಲಿಸೆಕೆಂಡ್‌ನಲ್ಲಿ ನಿಲ್ಲಿಸಿದರೆ 240 ನ್ಯೂಟನ್. ಎತ್ತರದಿಂದ ಬಂದ ಪಾಸನ್ನು ಎದೆಯನ್ನು ಹಿಂದೆಳೆದು ಇಳಿಸಿಕೊಳ್ಳುವುದೂ ಪಾದವನ್ನು ಚೆಂಡಿನ ಜೊತೆಯಲ್ಲೇ ಹಿಂದಕ್ಕೆ ಸರಿಸಿ ನಿಲ್ಲಿಸುವುದೂ ಇದೇ ತತ್ವದ ಬಳಕೆಗಳು.

ನೆಲದ ಪ್ರತಿಕ್ರಿಯೆ

ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ ಮತ್ತು ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ ಎಂಬ ಮೂರನೆಯ ನಿಯಮವನ್ನು ತಪ್ಪಾಗಿ ಗ್ರಹಿಸಿದಷ್ಟು ಬೇರೆ ಯಾವುದನ್ನೂ ಗ್ರಹಿಸಿಲ್ಲ. ಪಾದ ಚೆಂಡನ್ನು ಎಷ್ಟು ಬಲದಿಂದ ಮುಂದೆ ತಳ್ಳುವುದೋ ಚೆಂಡೂ ಪಾದವನ್ನು ಅಷ್ಟೇ ಬಲದಿಂದ ಹಿಂದೆ ತಳ್ಳುತ್ತದೆ. ಹೀಗಿರುವಾಗ ಎರಡೂ ಪರಸ್ಪರ ವಜಾ ಆಗಿ ಚೆಂಡು ಕದಲದೆ ಇರಬೇಕಲ್ಲವೇ ಎಂಬ ಪ್ರಶ್ನೆ ತರಗತಿಗಳಲ್ಲಿ ಏಳುತ್ತದೆ. ಈ ಎರಡು ಬಲಗಳು ಬೇರೆ ಬೇರೆ ವಸ್ತುಗಳ ಮೇಲೆ ವರ್ತಿಸುತ್ತವೆಯಾದ್ದರಿಂದ ವಜಾ ಆಗುವ ಪ್ರಶ್ನೆಯೇ ಇಲ್ಲ. ಚೆಂಡಿನ ಚಲನೆಯನ್ನು ನಿರ್ಧರಿಸುವುದು ಚೆಂಡಿನ ಮೇಲಿನ ಬಲ. ಪಾದದ ಮೇಲಿನ ಬಲ ಪಾದದ ವೇಗವನ್ನು ತಗ್ಗಿಸುತ್ತದೆ, ಅಷ್ಟೆ. ಗಾಳಿಯಲ್ಲಿ ಹಾರಿ ಚೆಂಡನ್ನು ಅಪ್ಪಿ ಹಿಡಿದ 80 ಕಿಲೋಗ್ರಾಂ ತೂಕದ ಗೋಲ್‌ಕೀಪರ್ ಕೂಡ ಚೆಂಡಿನ ಆ 12 ಏಕಮಾನಗಳ ಸಂವೇಗವನ್ನು ಹೊತ್ತು ಸೆಕೆಂಡಿಗೆ ಸುಮಾರು 15 ಸೆಂಟಿಮೀಟರ್ ವೇಗದಲ್ಲಿ ಹಿಂದೆ ಸರಿಯುತ್ತಾನೆ; ಗೋಲಿನ ಗೆರೆಯ ಮೇಲೆ ಈ ಅಲ್ಪ ವೇಗಕ್ಕೂ ಬೆಲೆಯುಂಟು.

ಆಟದಲ್ಲಿ ಮೂರನೆಯ ನಿಯಮದ ಮುಖ್ಯ ಕಾರ್ಯಕ್ಷೇತ್ರ ಪಾದ-ಚೆಂಡಿನ ನಡುವೆ ಇರುವುದಕ್ಕಿಂತ ಪಾದ-ನೆಲದ ನಡುವೆ ಇದೆ. ಓಡುವವನು ನೆಲವನ್ನು ಹಿಂದಕ್ಕೆ ತಳ್ಳುತ್ತಾನೆ, ನೆಲ ಅವನನ್ನು ಮುಂದಕ್ಕೆ ತಳ್ಳುತ್ತದೆ. ಮೇಲೆ ಜಿಗಿಯುವವನು ನೆಲವನ್ನು ಕೆಳಗೆ ಒತ್ತುತ್ತಾನೆ, ನೆಲ ಅವನನ್ನು ಮೇಲಕ್ಕೆ ಎಸೆಯುತ್ತದೆ. ಆಟಗಾರನ ದೇಹದೊಳಗಿನ ಸ್ನಾಯುಗಳು ಎಷ್ಟೇ ಬಲವಾಗಿದ್ದರೂ ನೆಲದ ಘರ್ಷಣೆ ಒದಗದಿದ್ದರೆ ಅವನು ಒಂದು ಗೇಣೂ ಮುಂದೆ ಹೋಗಲಾರ. ತಿರುವಿನಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಓಡುತ್ತಿರುವ ವಿಂಗರ್ 5 ಮೀಟರ್ ತ್ರಿಜ್ಯದ ಕಮಾನಿನಲ್ಲಿ ತಿರುಗಬೇಕಾದರೆ ಒಳದಿಕ್ಕಿಗೆ ಬೇಕಾಗುವ ವೇಗೋತ್ಕರ್ಷ ಗುರುತ್ವ ವೇಗೋತ್ಕರ್ಷಕ್ಕೆ ಹೆಚ್ಚುಕಡಿಮೆ ಸಮ. ಅಂದರೆ ನೆಲ ಅವನ ಪೂರ್ಣ ತೂಕದಷ್ಟೇ ಬಲವನ್ನು ಪಕ್ಕಕ್ಕೂ ಒದಗಿಸಬೇಕು, ಅವನ ದೇಹ 45 ಡಿಗ್ರಿಯ ಸುಮಾರಿಗೆ ಒಳಕ್ಕೆ ವಾಲಬೇಕು. ಒದ್ದೆ ಹುಲ್ಲಿನ ಮೇಲೆ ಚಪ್ಪಟೆ ಅಟ್ಟೆಯ ಪಾದರಕ್ಷೆಗೆ ಇಷ್ಟು ಹಿಡಿತ ಸಿಗದು. ಮಣ್ಣಿನೊಳಕ್ಕೆ ನಾಟಿಕೊಳ್ಳುವ ಗುಬಟುಗಳಿರುವ ಬೂಟು ಬೇಕಾಗುವುದು ಇದಕ್ಕೇ. ಹಿಡಿತ ಮಿತಿಮೀರಿದರೂ ಅಪಾಯವಿದೆ: ದೇಹ ತಿರುಗಿದರೂ ಪಾದ ನೆಲಕ್ಕೆ ಕಚ್ಚಿಕೊಂಡೇ ಉಳಿದರೆ ಆ ತಿರುಚು ಬಲವನ್ನೆಲ್ಲ ಮೊಣಕಾಲಿನ ಅಸ್ಥಿರಜ್ಜುಗಳು ಹೊರಬೇಕಾಗುತ್ತದೆ.

ಭಾರತೀಯ ಫುಟ್‌ಬಾಲಿನ ಇತಿಹಾಸದಲ್ಲಿ ಇದಕ್ಕೆ ಸಂಬಂಧಿಸಿದ ಪ್ರಸಿದ್ಧ ನಿದರ್ಶನವೊಂದಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಆಡಿದ ಭಾರತ ತಂಡದ ಬಹುತೇಕ ಆಟಗಾರರು ಬರಿಗಾಲಲ್ಲಿ ಕಣಕ್ಕಿಳಿದಿದ್ದರು; ಭಾರತ 1–2ರಿಂದ ಸೋತ ಆ ಪಂದ್ಯದ ಏಕೈಕ ಭಾರತೀಯ ಗೋಲನ್ನು ಗಳಿಸಿದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ಒಣಗಿದ ಗಟ್ಟಿ ನೆಲದ ಮೇಲೆ ಬರಿಗಾಲಿಗೆ ಸಾಕಷ್ಟು ಘರ್ಷಣೆ ದೊರೆಯುತ್ತದೆ, ಬೂಟಿನ ಭಾರವಿಲ್ಲದ ಕಾಲು ಬೇಗ ಬೀಸುತ್ತದೆ, ಚೆಂಡಿನ ಸ್ಪರ್ಶವೂ ಸೂಕ್ಷ್ಮವಾಗಿರುತ್ತದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಚಳಿಯಲ್ಲಿ ಈ ಲೆಕ್ಕ ಕೈಕೊಟ್ಟಿತು. ಯುಗೊಸ್ಲಾವಿಯ 10–1ರಿಂದ ಗೆದ್ದಿತು. ಆ ಸೋಲಿಗೆ ಬರಿಗಾಲೊಂದನ್ನೇ ಹೊಣೆಯಾಗಿಸುವುದು ನ್ಯಾಯವಲ್ಲ, ಎದುರಾಳಿ ತಂಡ ಆ ಕಾಲದ ಯೂರೋಪಿನ ಬಲಿಷ್ಠ ತಂಡಗಳಲ್ಲೊಂದಾಗಿತ್ತು.

ಗಾಳಿಯಲ್ಲಿ ಚೆಂಡು

ಗಾಳಿಯಿಲ್ಲದ ಜಾಗದಲ್ಲಿ ಎಸೆದ ವಸ್ತು ಪರವಲಯದ ಹಾದಿಯಲ್ಲಿ ಸಾಗುತ್ತದೆಂದು ಗೆಲಿಲಿಯೋ 1638ರಲ್ಲಿ ತೋರಿಸಿಕೊಟ್ಟ. ಆ ಲೆಕ್ಕದಂತೆ ಸೆಕೆಂಡಿಗೆ 28 ಮೀಟರ್ ವೇಗದಲ್ಲಿ 45 ಡಿಗ್ರಿ ಕೋನಕ್ಕೆ ಒದ್ದ ಚೆಂಡು 80 ಮೀಟರ್ ದೂರದಲ್ಲಿ ನೆಲಮುಟ್ಟಬೇಕು. ನಿಜವಾದ ಮೈದಾನದಲ್ಲಿ ಅದು ಇದಕ್ಕಿಂತ ಬಹಳ ಹಿಂದೆಯೇ ಬಿದ್ದುಬಿಡುತ್ತದೆ, ಇಳಿಯುವ ಹಾದಿ ಏರಿದ ಹಾದಿಗಿಂತ ಕಡಿದಾಗಿರುತ್ತದೆ. ಗಾಳಿಯ ಎಳೆತ ಇದಕ್ಕೆ ಕಾರಣ. ಆ ವೇಗದಲ್ಲಿ ಚೆಂಡಿನ ಮೇಲಿನ ಎಳೆತ ಸುಮಾರು 3.5 ನ್ಯೂಟನ್, ಚೆಂಡಿನ ತೂಕವೇ 4.2 ನ್ಯೂಟನ್. ಒಂದು ವಸ್ತುವಿನ ಮೇಲೆ ಗಾಳಿ ಹೇರುವ ಬಲ ಭೂಮಿಯ ಸೆಳೆತಕ್ಕೆ ಇಷ್ಟು ಹತ್ತಿರವಾಗಿರುವಾಗ ಗಾಳಿಯನ್ನು ಕೈಬಿಟ್ಟು ಮಾಡುವ ಲೆಕ್ಕ ಪಠ್ಯಪುಸ್ತಕದ ಅಭ್ಯಾಸವಾಗಿಯಷ್ಟೇ ಉಳಿಯುತ್ತದೆ. ಕೈಯಿಂದ ಎಸೆಯುವ ಥ್ರೋ-ಇನ್‌ನಲ್ಲೂ 45 ಡಿಗ್ರಿಯ ಸೂತ್ರ ನಡೆಯುವುದಿಲ್ಲ. ಬ್ರಿಟನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಅತಿ ದೂರದ ಎಸೆತಕ್ಕೆ ಸುಮಾರು 30 ಡಿಗ್ರಿಯೇ ಸೂಕ್ತವೆಂದು ಕಂಡುಕೊಂಡಿತು. ಕೋನ ತಗ್ಗಿದಷ್ಟೂ ತೋಳು ಮತ್ತು ಬೆನ್ನು ಚೆಂಡಿಗೆ ಹೆಚ್ಚು ವೇಗ ಕೊಡಬಲ್ಲವಾದ್ದರಿಂದ, ಕೋನದಲ್ಲಿ ಆದ ನಷ್ಟವನ್ನು ವೇಗ ತುಂಬಿಕೊಡುತ್ತದೆ.

ಎಳೆತ ವೇಗದೊಡನೆ ಒಂದೇ ಸಮನೆ ಏರುತ್ತ ಹೋಗುವುದಿಲ್ಲ ಎಂಬುದು ಈ ಆಟದ ಭೌತವಿಜ್ಞಾನದಲ್ಲಿ ಅತ್ಯಂತ ಕುತೂಹಲಕರವಾದ ಭಾಗ. ಚೆಂಡಿನ ಮೈಗೆ ಅಂಟಿಕೊಂಡು ಹರಿಯುವ ಗಾಳಿಯ ತೆಳುಪದರವನ್ನು ಎಲ್ಲೆಪದರವೆನ್ನುತ್ತಾರೆ. ಕಡಿಮೆ ವೇಗದಲ್ಲಿ ಈ ಪದರ ನಯವಾಗಿ ಹರಿದು ಚೆಂಡಿನ ನಡುಭಾಗದ ಸಮೀಪದಲ್ಲೇ ಮೈ ಬಿಟ್ಟು ಕಳಚಿಕೊಳ್ಳುತ್ತದೆ. ಚೆಂಡಿನ ಹಿಂದೆ ಅಗಲವಾದ ಸುಳಿಗಾಳಿಯ ಬಾಲ ಉಳಿದು ಎಳೆತ ಹೆಚ್ಚುತ್ತದೆ. ಒಂದು ನಿರ್ಣಾಯಕ ವೇಗವನ್ನು ದಾಟಿದೊಡನೆ ಪದರದ ಹರಿವು ಪ್ರಕ್ಷುಬ್ಧವಾಗಿ, ಮೈಗೆ ಇನ್ನಷ್ಟು ಹೊತ್ತು ಅಂಟಿಕೊಂಡು ಹಿಂಭಾಗದವರೆಗೂ ಸಾಗುತ್ತದೆ. ಬಾಲ ಕಿರಿದಾಗಿ ಎಳೆತದ ಗುಣಾಂಕ ಅರ್ಧಕ್ಕಿಂತಲೂ ಕೆಳಗೆ ಕುಸಿಯುತ್ತದೆ. ಪೂರ್ತಿ ನುಣುಪಾದ ಗೋಲಕ್ಕೆ ಈ ನಿರ್ಣಾಯಕ ವೇಗ ಬಹಳ ಹೆಚ್ಚು. ಚೆಂಡಿನ ಹೊಲಿಗೆಯ ಗೆರೆಗಳು ಗಾಳಿಯನ್ನು ಕದಡಿ ಅದನ್ನು ಕೆಳಕ್ಕೆ ತರುತ್ತವೆ. ಬಿರುಸಾಗಿ ಹೊರಟ ಚೆಂಡು ನಿಧಾನವಾಗುತ್ತ ನಿರ್ಣಾಯಕ ವೇಗಕ್ಕಿಂತ ಕೆಳಗಿಳಿದಾಗ ಎಳೆತ ಹಠಾತ್ತನೆ ಏರುವುದುಂಟು. ರಕ್ಷಣಾಗೋಡೆಯ ತಲೆಯ ಮೇಲೆ ಹಾದು ಗೋಲಿನ ಹತ್ತಿರ ಥಟ್ಟನೆ ಕುಸಿದಂತೆ ಕಾಣುವ ಹೊಡೆತಗಳಲ್ಲಿ ಇದರ ಪಾಲಿದೆ.

20 ಷಟ್ಕೋನ ಮತ್ತು 12 ಪಂಚಕೋನ ತುಂಡುಗಳನ್ನು ಹೊಲಿದು ಮಾಡಿದ, 1970ರ ಮೆಕ್ಸಿಕೊ ವಿಶ್ವಕಪ್‌ನ ಟೆಲ್‌ಸ್ಟಾರ್‌ನಿಂದ ಜಗತ್ತಿಗೆಲ್ಲ ಪರಿಚಿತವಾದ 32 ತುಂಡುಗಳ ಚೆಂಡಿನಲ್ಲಿ ಈ ನಿರ್ಣಾಯಕ ವೇಗ ಗಂಟೆಗೆ ಸುಮಾರು 50 ಕಿಲೋಮೀಟರ್ ಆಸುಪಾಸಿನಲ್ಲಿರುತ್ತದೆ. 2006ರ ಜರ್ಮನಿಯ ವಿಶ್ವಕಪ್‌ನ ಟೀಮ್‌ಗೈಸ್ಟ್ ಚೆಂಡಿನಲ್ಲಿ ತುಂಡುಗಳು 14ಕ್ಕೂ 2010ರ ದಕ್ಷಿಣ ಆಫ್ರಿಕದ ಜಬುಲಾನಿಯಲ್ಲಿ 8ಕ್ಕೂ ಇಳಿದವು. ಹೊಲಿಗೆಯ ಬದಲು ಬಿಸಿಯಿಂದ ಬೆಸೆಯುವ ವಿಧಾನ ಬಂತು. ಮೈ ನುಣುಪಾದಷ್ಟೂ ಚೆಂಡು ಉತ್ತಮವೆಂಬ ತಯಾರಕರ ನಂಬಿಕೆಯನ್ನು ಜಬುಲಾನಿ ಸುಳ್ಳು ಮಾಡಿತು. ಅದರ ನಿರ್ಣಾಯಕ ವೇಗ ಗಂಟೆಗೆ 70–80 ಕಿಲೋಮೀಟರ್‌ಗೆ ಏರಿದ್ದನ್ನು ನಾಸಾದ ಏಮ್ಸ್ ಸಂಶೋಧನಾ ಕೇಂದ್ರದ ತಜ್ಞರು ಗುರುತಿಸಿದರು. ಫ್ರೀ ಕಿಕ್‌ಗಳು ಸಾಮಾನ್ಯವಾಗಿ ಸಾಗುವುದು ಇಂಥ ವೇಗಗಳಲ್ಲೇ. ತಿರುಗದೆ ಸಾಗುವ ಚೆಂಡಿನ ಒಂದು ಪಕ್ಕದಲ್ಲಿ ಹರಿವು ಪ್ರಕ್ಷುಬ್ಧವಾಗಿದ್ದು ಇನ್ನೊಂದರಲ್ಲಿ ನಯವಾಗಿರುವ ಸಂದರ್ಭ ಆಗ ಪದೇ ಪದೇ ಒದಗಿ, ಚೆಂಡು ಅತ್ತಿತ್ತ ಓಲಾಡುತ್ತ ಬರುತ್ತದೆ. ಗೋಲ್‌ಕೀಪರುಗಳ ದೂರು ನೆಪವಾಗಿರಲಿಲ್ಲವೆಂಬುದು ಗಾಳಿಸುರಂಗದ ಪರೀಕ್ಷೆಗಳಿಂದ ಸ್ಪಷ್ಟವಾಯಿತು. 2014ರ ಬ್ರೆಜಿಲ್ ವಿಶ್ವಕಪ್‌ನ ಬ್ರಜೂಕಾದಲ್ಲಿ ತುಂಡುಗಳು ಕೇವಲ 6 ಇದ್ದರೂ ಅವುಗಳ ಅಂಚುಗಳು ಬಳುಕುಬಳುಕಾಗಿದ್ದು, ಬೆಸುಗೆಯ ಗೆರೆಗಳ ಒಟ್ಟು ಉದ್ದವೂ ಆಳವೂ ಜಬುಲಾನಿಗಿಂತ ಸಾಕಷ್ಟು ಹೆಚ್ಚಾಗಿದ್ದವು. ಚೆಂಡಿನ ವರ್ತನೆ ಮತ್ತೆ ಹಳೆಯ 32 ತುಂಡುಗಳ ಚೆಂಡಿಗೆ ಹತ್ತಿರವಾಯಿತು. ತಿರುಗದ ಚೆಂಡಿನ ಈ ಓಲಾಟವನ್ನು ಬೇಕೆಂದೇ ಹುಟ್ಟಿಸುವ ಕಲೆಯಲ್ಲಿ ಫ್ರಾನ್ಸಿನ ಲಿಯೋನ್ ಕ್ಲಬ್‌ಗೆ ಆಡುತ್ತಿದ್ದ ಬ್ರೆಜಿಲ್‌ನ ಜುನಿನ್ಯೊ ಹೆಸರಾಗಿದ್ದರು.

ತಿರುಗುತ್ತ ಸಾಗುವ ಚೆಂಡಿನ ವಿಚಾರ ಬೇರೆ. ಓರೆಯಾಗಿ ಹೊಡೆದ ಟೆನಿಸ್ ಚೆಂಡು ಬಾಗಿದ ಹಾದಿಯಲ್ಲಿ ಸಾಗುವುದನ್ನು ನ್ಯೂಟನ್ನನೇ ಬೆಳಕಿನ ಕುರಿತ ತನ್ನ 1672ರ ಪತ್ರದಲ್ಲಿ ಪ್ರಸ್ತಾಪಿಸಿದ್ದ. ಬಂದೂಕಿನ ಗುಂಡುಗಳ ಬಾಗುವಿಕೆಯನ್ನು ಬೆಂಜಮಿನ್ ರಾಬಿನ್ಸ್ 1742ರಲ್ಲಿ ವಿವರಿಸಿದ. ಆದರೂ ಈ ಪರಿಣಾಮಕ್ಕೆ ಅಂಟಿದ್ದು 1850ರ ದಶಕದ ಆರಂಭದಲ್ಲಿ ಇದರ ಮೇಲೆ ಪ್ರಯೋಗ ನಡೆಸಿದ ಜರ್ಮನ್ ವಿಜ್ಞಾನಿ ಹೈನ್‌ರಿಶ್ ಗುಸ್ತಾವ್ ಮಾಗ್ನಸ್‌ನ ಹೆಸರು. ಮೇಲಿನಿಂದ ನೋಡಿದಾಗ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತ ಮುಂದೆ ಸಾಗುವ ಚೆಂಡಿನ ಎಡಮೈ ಎದುರುಗಾಳಿಯ ಜೊತೆಗೂ ಬಲಮೈ ಅದರ ವಿರುದ್ಧವೂ ಚಲಿಸುತ್ತದೆ. ಎಡಕ್ಕೆ ಗಾಳಿ ತಡವಾಗಿ ಕಳಚಿಕೊಂಡರೆ ಬಲಕ್ಕೆ ಬೇಗ ಕಳಚಿಕೊಳ್ಳುತ್ತದೆ. ಹಿಂದಿನ ಸುಳಿಯ ಬಾಲ ಬಲಕ್ಕೆ ಹೊರಳುತ್ತದೆ. ಚೆಂಡು ಗಾಳಿಯನ್ನು ಬಲಕ್ಕೆ ತಳ್ಳಿದ್ದರಿಂದ ಗಾಳಿ ಚೆಂಡನ್ನು ಎಡಕ್ಕೆ ತಳ್ಳುತ್ತದೆ. ಬಾಗುವ ಫ್ರೀ ಕಿಕ್ ಹೀಗೆ ಮೂರನೆಯ ನಿಯಮದ ನೇರ ಪ್ರಾತ್ಯಕ್ಷಿಕೆ. ಕಾಲುನೋವಿನ ಉದಾಹರಣೆಗಿಂತ ಇದೇ ಹೆಚ್ಚು ಅರ್ಥಪೂರ್ಣ. ಸೆಕೆಂಡಿಗೆ ಎಂಟು-ಹತ್ತು ಸುತ್ತು ತಿರುಗುತ್ತ 25–30 ಮೀಟರ್ ವೇಗದಲ್ಲಿ ಸಾಗುವ ಚೆಂಡಿನ ಮೇಲೆ ಈ ಪಕ್ಕದ ಬಲ ಸುಮಾರು 3.5 ನ್ಯೂಟನ್ ಇರಬಲ್ಲದು. ಎರಡನೆಯ ನಿಯಮದಂತೆ ಪಕ್ಕದ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 8 ಮೀಟರ್ ಆಗಿ, ಒಂದು ಸೆಕೆಂಡಿನ ಹಾರಾಟದಲ್ಲಿ ಚೆಂಡು ನೇರ ಹಾದಿಯಿಂದ 4 ಮೀಟರ್ ಸರಿಯುತ್ತದೆ. ಗೋಲಿನ ಅಗಲ 7.32 ಮೀಟರ್ ಎಂಬುದನ್ನು ನೆನೆದರೆ ಈ ಅಂತರ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಅರ್ಜೆಂಟೀನಾದ ಸೆಸಾರಿಯೊ ಒನ್ಸಾರಿ 1924ರಲ್ಲಿ ಉರುಗ್ವೆ ವಿರುದ್ಧ ಕಾರ್ನರ್‌ನಿಂದ ನೇರವಾಗಿ ಚೆಂಡನ್ನು ಬಲೆಗೆ ಸೇರಿಸಿದ್ದೂ ಇಂಥ ಬಾಗುವಿಕೆಯಿಂದಲೇ.

1997ರ ಜೂನ್ 3ರಂದು ಲಿಯೋನ್ ನಗರದಲ್ಲಿ ಫ್ರಾನ್ಸ್ ವಿರುದ್ಧ ಬ್ರೆಜಿಲ್‌ನ ರೊಬೆರ್ತೊ ಕಾರ್ಲೋಸ್ ಹೊಡೆದ ಫ್ರೀ ಕಿಕ್ ಈ ವಿಷಯದ ಚರ್ಚೆಗಳಲ್ಲಿ ತಪ್ಪದೆ ಬರುತ್ತದೆ. ಸುಮಾರು 35 ಮೀಟರ್ ದೂರದಿಂದ ಎಡಗಾಲಿನ ಹೊರಮೈಯಿಂದ ಹೊಡೆದ ಚೆಂಡು ರಕ್ಷಣಾಗೋಡೆಯ ಬಲಕ್ಕೆ ಗೋಲಿನಿಂದ ದೂರವಾಗಿ ಹೋಗಿ, ಕೊನೆಯಲ್ಲಿ ಎಡಕ್ಕೆ ಹೊರಳಿ ಕಂಬದ ಒಳಮೈಯನ್ನು ಸವರಿ ಬಲೆ ಸೇರಿತು. ಗೋಲ್‌ಕೀಪರ್ ಫಾಬಿಯನ್ ಬಾರ್ತೆಜ್ ನಿಂತಲ್ಲೇ ನಿಂತಿದ್ದರು. ಇದು ಆಕಸ್ಮಿಕವೆಂದವರಿದ್ದರು. ಫ್ರಾನ್ಸಿನ ಎಕೋಲ್ ಪಾಲಿಟೆಕ್ನೀಕ್‌ನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಬೇರೆ ವಿವರಣೆ ಕೊಟ್ಟರು: ಗಾಳಿಯ ಎಳೆತದಿಂದ ಮುಂದಿನ ವೇಗ ತಗ್ಗುತ್ತ ಹೋದರೂ ತಿರುಗುವಿಕೆ ಅಷ್ಟು ಬೇಗ ತಗ್ಗುವುದಿಲ್ಲವಾದ್ದರಿಂದ ಹಾದಿಯ ಬಾಗು ದೂರ ಹೋದಂತೆಲ್ಲ ಬಿಗಿಯಾಗುತ್ತ ಸುರುಳಿಯ ರೂಪ ತಾಳುತ್ತದೆ. ಸಾಮಾನ್ಯ ಫ್ರೀ ಕಿಕ್‌ಗಳು 20–25 ಮೀಟರ್ ಒಳಗೇ ಮುಗಿಯುವುದರಿಂದ ಸುರುಳಿಯ ಮೊದಲ ಭಾಗವಷ್ಟೇ ಕಣ್ಣಿಗೆ ಬೀಳುತ್ತದೆ. ಅಷ್ಟು ದೂರದಿಂದ ಅಷ್ಟು ವೇಗವಾಗಿ ಹೊಡೆಯಬಲ್ಲವರು ವಿರಳ. ಅದೃಷ್ಟಕ್ಕಿಂತ ದೂರ ಮತ್ತು ವೇಗಗಳ ಈ ಅಪರೂಪದ ಕೂಡಿಕೆಯೇ ಆ ಗೋಲಿನ ವಿಶೇಷ.

ಗಾಳಿಯ ಸಾಂದ್ರತೆ ಬದಲಾದರೆ ಎಳೆತವೂ ಪಕ್ಕದ ಬಲವೂ ಅದೇ ಪ್ರಮಾಣದಲ್ಲಿ ಬದಲಾಗುತ್ತವೆ. ಬೊಲಿವಿಯದ ಲಾ ಪಾಸ್ ಕ್ರೀಡಾಂಗಣ ಸಮುದ್ರಮಟ್ಟದಿಂದ 3,600 ಮೀಟರ್‌ಗಿಂತ ಎತ್ತರದಲ್ಲಿದ್ದು ಅಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟು ಮಾತ್ರ. ಅಲ್ಲಿ ಚೆಂಡು ಹೆಚ್ಚು ವೇಗವನ್ನು ಉಳಿಸಿಕೊಂಡು ಬರುತ್ತದೆ, ಬಾಗುವುದು ಕಡಿಮೆ. 2009ರ ಏಪ್ರಿಲ್ 1ರಂದು ಅರ್ಜೆಂಟೀನಾ ಅಲ್ಲಿ 6–1ರಿಂದ ಸೋತಾಗ ಆಮ್ಲಜನಕದ ಕೊರತೆಯ ಮಾತೇ ಹೆಚ್ಚಾಗಿ ಕೇಳಿಬಂತು. ತಗ್ಗಿನ ಊರುಗಳಲ್ಲಿ ರೂಢಿಸಿಕೊಂಡ ಪಾಸ್ ಮತ್ತು ಹೊಡೆತಗಳ ಅಂದಾಜು ಅಲ್ಲಿ ಕೆಡುತ್ತದೆ ಎಂಬುದೂ ಅಷ್ಟೇ ನಿಜ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲೂ ಗಾಳಿ ಕೊಚ್ಚಿ ಅಥವಾ ಗೋವೆಗಿಂತ ಶೇಕಡ 10ರ ಹತ್ತಿರದಷ್ಟು ವಿರಳ. ದೂರದ ಹೊಡೆತದಲ್ಲಿ ಇದು ಗಣನೆಗೆ ಬರುವಷ್ಟು ಅಂತರ, ಆದರೆ ಆಟಗಾರರು ಕೆಲವೇ ಅಭ್ಯಾಸಗಳಲ್ಲಿ ಹೊಂದಿಕೊಳ್ಳುವಷ್ಟು ಚಿಕ್ಕದು.

ಪುಟಿತ ಮತ್ತು ಉರುಳು

ಉನ್ನತ ದರ್ಜೆಯ ಚೆಂಡನ್ನು 2 ಮೀಟರ್ ಎತ್ತರದಿಂದ ಉಕ್ಕಿನ ಹಲಗೆಯ ಮೇಲೆ ಬಿಟ್ಟಾಗ ಅದು 135ರಿಂದ 155 ಸೆಂಟಿಮೀಟರ್‌ವರೆಗೆ ಪುಟಿಯಬೇಕೆಂದು ಫಿಫಾ ಪರೀಕ್ಷೆಗಳು ಗೊತ್ತುಪಡಿಸಿವೆ. ಅಂದರೆ ಪ್ರತಿ ಪುಟಿತದಲ್ಲಿ ಶಕ್ತಿಯ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಶಾಖ ಮತ್ತು ಸದ್ದಾಗಿ ಹೋಗುತ್ತದೆ. ಹುಲ್ಲಿನ ಮೇಲೆ ಈ ನಷ್ಟ ಇನ್ನೂ ಹೆಚ್ಚು. ತಿರುಗದೆ ಜಾರುತ್ತ ನೆಲಕ್ಕಿಳಿದ ಚೆಂಡು ಘರ್ಷಣೆಯಿಂದ ತಿರುಗತೊಡಗಿ, ಕೊನೆಗೆ ಜಾರದೆ ಉರುಳುವ ಹೊತ್ತಿಗೆ ತನ್ನ ವೇಗದ ಐದನೇ ಎರಡು ಭಾಗವನ್ನು ಕಳೆದುಕೊಂಡಿರುತ್ತದೆ. ಪಂದ್ಯಕ್ಕೆ ಮುನ್ನ ಹುಲ್ಲಿಗೆ ನೀರು ಹಾಯಿಸಿದರೆ ಘರ್ಷಣೆ ತಗ್ಗಿ ಚೆಂಡು ಹೆಚ್ಚು ದೂರ ಜಾರುತ್ತದೆ. ಚುರುಕಾದ ನೆಲಪಾಸುಗಳನ್ನು ನೆಚ್ಚಿದ ತಂಡಗಳು ಒದ್ದೆ ಮೈದಾನವನ್ನು ಬಯಸುವುದು ಇದರಿಂದಲೇ.

ನೆಲಬಿಟ್ಟ ದೇಹ

ಜಿಗಿದ ಆಟಗಾರನ ದೇಹದ ದ್ರವ್ಯರಾಶಿ ಕೇಂದ್ರ ಗಾಳಿಯಲ್ಲಿ ಪರವಲಯದ ಹಾದಿ ಹಿಡಿಯುತ್ತದೆ. ಕೈಕಾಲು ಹೇಗೆ ಆಡಿಸಿದರೂ ಅದನ್ನು ಬದಲಿಸಲಾಗದು. ಕೇಂದ್ರ 50 ಸೆಂಟಿಮೀಟರ್ ಏರುವ ಜಿಗಿತ ಸುಮಾರು 0.64 ಸೆಕೆಂಡ್ ಬಾಳುತ್ತದೆ, ಅದರಲ್ಲಿ ಅರ್ಧದಷ್ಟು ಹೊತ್ತು ಕೇಂದ್ರ ಎತ್ತರದ ಮೇಲಿನ ಕಾಲುಭಾಗದಲ್ಲೇ ಇರುತ್ತದೆ. ಹೆಡರ್‌ಗೆ ಎಗರಿದ ನಿಪುಣರು ಗಾಳಿಯಲ್ಲಿ ತೂಗಿ ನಿಂತಂತೆ ಕಾಣುವುದಕ್ಕೆ ಇಷ್ಟೇ ಕಾರಣ. ಬೈಸಿಕಲ್ ಕಿಕ್‌ನಲ್ಲಿ ಕೋನೀಯ ಸಂವೇಗ, ಅಂದರೆ ತಿರುಗುವಿಕೆಯ ಸಂವೇಗ, ಇನ್ನೊಂದು ಕಟ್ಟುಪಾಡು ಹೇರುತ್ತದೆ. ನೆಲ ಬಿಟ್ಟ ಮೇಲೆ ದೇಹದ ಒಟ್ಟು ಕೋನೀಯ ಸಂವೇಗ ಬದಲಾಗಲಾರದು; ಮೊದಲು ಒಂದು ಕಾಲನ್ನು ಮೇಲೆತ್ತಿ, ಅದನ್ನು ಕೆಳಗಿಳಿಸುತ್ತಿರುವಾಗಲೇ ಒದೆಯುವ ಕಾಲನ್ನು ಮೇಲಕ್ಕೆ ಬೀಸಿದರೆ ಒಂದರ ತಿರುಗುವಿಕೆಯನ್ನು ಇನ್ನೊಂದು ಸರಿದೂಗಿಸಿ, ಮುಂಡ ಅತಿಯಾಗಿ ತಿರುಗುವುದಿಲ್ಲ, ಒದೆಯುವ ಕಾಲಿಗೆ ಹೆಚ್ಚು ವೇಗ ಸಿಗುತ್ತದೆ.

ತಲೆ ಮತ್ತು ಚೆಂಡು

ಕಾಲಿನ ಒದೆತಕ್ಕೆ ಅನ್ವಯಿಸುವ ಆವೇಗದ ಲೆಕ್ಕ ಹೆಡರ್‌ಗೂ ಅನ್ವಯಿಸುತ್ತದೆ, ಆದರೆ ಪ್ರತಿಕ್ರಿಯೆಯನ್ನು ಹೊರುವ ಅಂಗ ಮಿದುಳನ್ನು ಹೊತ್ತಿರುವಂಥದು. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬಂದ ಚೆಂಡನ್ನು 10 ಮೀಟರ್ ವೇಗದಲ್ಲಿ ತಿರುಗಿಸಿ ಕಳಿಸಿದಾಗ ಸಂವೇಗದಲ್ಲಾಗುವ ಬದಲಾವಣೆ ಸುಮಾರು 11 ಏಕಮಾನ. ಸುಮಾರು 5 ಕಿಲೋಗ್ರಾಂ ತೂಗುವ ತಲೆ ಒಂದೇ ಇದನ್ನು ಹೊತ್ತರೆ ಅದರ ವೇಗ ಸೆಕೆಂಡಿಗೆ 2 ಮೀಟರ್‌ಗಿಂತ ಹೆಚ್ಚಾಗಿ ಥಟ್ಟನೆ ಬದಲಾಗುತ್ತದೆ. ಕುತ್ತಿಗೆಯ ಸ್ನಾಯುಗಳನ್ನು ಬಿಗಿದು ತಲೆಯನ್ನು ಮುಂಡದೊಡನೆ ಒಂದಾಗಿಸಿಕೊಂಡರೆ ಪರಿಣಾಮಕಾರಿ ದ್ರವ್ಯರಾಶಿ ಹೆಚ್ಚಿ ಆ ಬದಲಾವಣೆ ಬಹಳ ತಗ್ಗುತ್ತದೆ. ಕುತ್ತಿಗೆ ಇನ್ನೂ ಬಲಿಯದ ಮಕ್ಕಳಿಗೆ ಈ ರಕ್ಷಣೆ ಇಲ್ಲ. ಹಿಂದಿನ ಚರ್ಮದ ಚೆಂಡುಗಳು ಮಳೆಯಲ್ಲಿ ನೀರು ಹೀರಿ ಭಾರವಾಗುತ್ತಿದ್ದುದರಿಂದ ಅಂದಿನ ಆಟಗಾರರ ತಲೆಗೆ ಬೀಳುತ್ತಿದ್ದ ಆವೇಗ ಇನ್ನೂ ಹೆಚ್ಚಾಗಿತ್ತು. ಇಂಗ್ಲೆಂಡಿನ ಮಾಜಿ ಮುನ್ಪಡೆ ಆಟಗಾರ ಜೆಫ್ ಆ್ಯಸಲ್ 2002ರಲ್ಲಿ 59ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ಅವರ ಸಾವು ವೃತ್ತಿಯಿಂದ ಬಂದ ಕಾಯಿಲೆಯ ಫಲವೆಂದು ಮರಣ ವಿಚಾರಣೆ ತೀರ್ಮಾನಿಸಿತು. ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಆಟಗಾರರಲ್ಲಿ ನರಕೋಶಗಳು ಕ್ಷೀಣಿಸುವ ರೋಗಗಳಿಂದ ಸಾಯುವ ಸಂಭವ ಸಾಮಾನ್ಯ ಜನರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚೆಂದು ಗ್ಲಾಸ್ಗೊ ವಿಶ್ವವಿದ್ಯಾಲಯದ ಅಧ್ಯಯನ 2019ರಲ್ಲಿ ತೋರಿಸಿತು. ಅಮೆರಿಕದ ಫುಟ್‌ಬಾಲ್ ಒಕ್ಕೂಟ 10 ವರ್ಷ ಮತ್ತು ಅದಕ್ಕಿಂತ ಕೆಳಗಿನ ವಯಸ್ಸಿನ ಮಕ್ಕಳಿಗೆ ಹೆಡರ್‌ಗಳನ್ನು 2015ರಲ್ಲೇ ನಿಷೇಧಿಸಿತ್ತು. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಸಂಸ್ಥೆಗಳು ಪ್ರಾಥಮಿಕ ಶಾಲಾ ವಯಸ್ಸಿನವರ ತರಬೇತಿಯಿಂದ ಅದನ್ನು 2020ರಲ್ಲಿ ಕೈಬಿಟ್ಟವು.